ಫ್ರೆಂಚರ ಕುಶಲಪ್ರಶ್ನೆ

ದೂರವಾಣಿಯನ್ನು ಎತ್ತಿ ಕಿವಿಗೆ ಹಿಡಿದರೆ, ಇನ್ನೂ ಯಾವ ಅಂಕಿಯನ್ನೂ ಒತ್ತುವ ಮೊದಲೇ, ಏಕಪ್ರಕಾರವಾದ ಒಂದು ನಾದವು ಕೇಳಿಬರುವುದುಂಟು. ಫ್ರಾನ್ಸಿನ ತಂತಿ ದೂರವಾಣಿಗಳಲ್ಲಿ ಈ ನಾದದ ಕಂಪನಾಂಕವನ್ನು ಸೆಕೆಂಡಿಗೆ ೪೪೦ ಎಂದು ಗೊತ್ತುಪಡಿಸಿದ್ದರು; ಪಾಶ್ಚಾತ್ಯ ಸಂಗೀತಗಾರರು ವಾದ್ಯಗಳ ಶ್ರುತಿಯನ್ನು ಹೊಂದಿಸಿಕೊಳ್ಳುವ ನಾದವೂ ಇದೇ. ಅದರಲ್ಲಿ ವಾರ್ತೆ ಏನೂ ಇಲ್ಲ. ಆದರೂ ಅದು ಕೇಳಿಸದೆ ಹೋದರೆ ನಾವು ಕೂಡಲೇ ಗಾಬರಿಯಾಗುತ್ತೇವೆ. ತಂತಿಗೆ ಜೀವವಿದೆ ಎಂದು ತಿಳಿಸುವುದಷ್ಟೇ ಅದರ ಕೆಲಸ.

ಮನುಷ್ಯರ ಮಾತಿನಲ್ಲಿಯೂ ಇಂಥ ನಾದವುಂಟು. ನಮ್ಮಲ್ಲಿ "ಊಟವಾಯಿತೆ?" ಎಂದು ಕೇಳುವವನಿಗೆ ಎದುರಿನವನು ಉಂಡ ಪದಾರ್ಥಗಳ ಪಟ್ಟಿ ಬೇಕಾಗಿರುವುದಿಲ್ಲ. ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದೆಂದು ನಮ್ಮ ಹಿರಿಯರು "ದೂರ ಹೊರಟಿರೋ?" ಎನ್ನುವರು, "ಇಲ್ಲೇ" ಎಂದರೆ ಸಾಕು, ಇಬ್ಬರಿಗೂ ತೃಪ್ತಿ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ೧೯೨೩ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ವಿಷಯವನ್ನು ತಿಳಿಸುವುದಕ್ಕಾಗಿ ಅಲ್ಲದೆ ನಂಟನ್ನು ಕಟ್ಟುವುದಕ್ಕಾಗಿಯೇ ಆಡುವ ಈ ಬಗೆಯ ಮಾತನ್ನು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೊಂದು ಹೆಸರನ್ನು ಕೊಟ್ಟನು. ೧೯೬೦ರಲ್ಲಿ ಭಾಷಾವಿಜ್ಞಾನಿ ಯಾಕೊಬ್‌ಸನ್ ಇದನ್ನು ಭಾಷೆಯ ಆರು ಕಾರ್ಯಗಳಲ್ಲಿ ಒಂದೆಂದು ಗಣಿಸಿ, ಮಾತು ಹರಿಯುವ ಮಾರ್ಗವು ತೆರೆದಿದೆಯೇ ಎಂದು ಪರೀಕ್ಷಿಸುವುದೇ ಇದರ ಲಕ್ಷಣವೆಂದು ವಿವರಿಸಿದನು. ನಾವು ಕನ್ನಡಿಗರು ಬಹುಕಾಲದಿಂದ ಇದನ್ನು ಲೋಕಾಭಿರಾಮದ ಮಾತು ಎನ್ನುತ್ತ ಬಂದಿದ್ದೇವೆ.

ನಮ್ಮ ಕಾಲೇಜುಗಳಲ್ಲಿ ಫ್ರೆಂಚನ್ನು ಐಚ್ಛಿಕ ಭಾಷೆಯಾಗಿ ಓದುವ ವಿದ್ಯಾರ್ಥಿಗಳು ಸಾಕಷ್ಟು ಇದ್ದಾರೆ. ಕ್ರಿಯಾಪದಗಳ ರೂಪಗಳನ್ನೆಲ್ಲ ಬಾಯಿಪಾಠ ಮಾಡಿದ ವಿದ್ಯಾರ್ಥಿಯೊಬ್ಬನು ಪ್ಯಾರಿಸಿನ ರೊಟ್ಟಿಯಂಗಡಿಯನ್ನು ಹೊಕ್ಕು, ವ್ಯಾಕರಣದೋಷವಿಲ್ಲದ ವಾಕ್ಯದಲ್ಲಿ ರೊಟ್ಟಿಯನ್ನು ಕೇಳಿದನೆನ್ನೋಣ. ಅಂಗಡಿಯಾಕೆಯ ಮುಖ ಗಂಟಿಕ್ಕುವುದು. ಕಾರಣವೇನೆಂದರೆ ಅವನು ಮೊದಲು "ಬೋಂಜೂರ್, ಮದಾಮ್" ಎನ್ನಲಿಲ್ಲ. ಅಂಗಡಿ, ಕಚೇರಿ, ವೈದ್ಯರ ಕೊಠಡಿ ಎಲ್ಲೇ ಆಗಲಿ, ಈ ಮಾತಿಲ್ಲದೆ ವ್ಯವಹಾರವನ್ನು ಆರಂಭಿಸುವುದನ್ನು ಅಲ್ಲಿಯವರು ಒರಟುತನವೆಂದೇ ಎಣಿಸುವರು.

ಹೊರಡುವಾಗ ಹೇಳತಕ್ಕ ಮಾತು ಬೇರೆ: "ಬೊನ್ ಜೂರ್ನೇ". ಜೂರ್ ಎಂದರೂ ದಿನ, ಜೂರ್ನೇ ಎಂದರೂ ದಿನ. ಹಾಗಾದರೆ ಭೇದವೇನು? ಭೌತವಿಜ್ಞಾನವನ್ನು ಓದುವವರಿಗೆ ಇದು ಸುಲಭವಾಗಿ ತಿಳಿಯುವುದು. ನಾವು ಕಾಲರೇಖೆಯ ಮೇಲಿನ ಒಂದು ಬಿಂದುವನ್ನೂ, ಎರಡು ಬಿಂದುಗಳ ನಡುವಣ ಅವಧಿಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತೇವೆ. ಜೂರ್ ಎಂಬುದು ಎಣಿಕೆಗೆ ಸಿಕ್ಕುವ ದಿನ. ಜೂರ್ನೇ ಎಂಬುದು ಬೆಳಗಿನಿಂದ ಸಂಜೆಯವರೆಗೆ ನಾವು ಬಾಳಿ ಕಳೆಯುವ ಅವಧಿ. ಸಂಜೆಗೆ ಸ್ವಾರ್ ಮತ್ತು ಸ್ವಾರೇ, ವರ್ಷಕ್ಕೆ ಆಂ ಮತ್ತು ಅನ್ನೇ ಎಂಬ ಜೋಡಿಗಳೂ ಹೀಗೆಯೇ. ಭೇಟಿಯ ಕ್ಷಣಕ್ಕೆ ಒಂದು ಮಾತು, ಅಗಲಿದ ಮೇಲೆ ಎದುರಿನವನು ಕಳೆಯಬೇಕಾದ ಹೊತ್ತಿಗೆ ಇನ್ನೊಂದು. ಎಂಥ ಅಚ್ಚುಕಟ್ಟು!

ಇನ್ನು ಕುಶಲಪ್ರಶ್ನೆ. "ಸಾ ವಾ?" ಎಂದು ಒಬ್ಬನು ಕೇಳುವನು. "ಸಾ ವಾ" ಎಂದು ಮತ್ತೊಬ್ಬನು ಉತ್ತರ ಕೊಡುವನು. ಅಕ್ಷರಶಃ ಅರ್ಥ "ಅದು ಹೋಗುತ್ತದೆ" ಎಂದು. ನಮ್ಮ "ಹೇಗೋ ನಡೆದಿದೆ" ಎಂಬುದಕ್ಕೆ ಹತ್ತಿರದ್ದು. ಪ್ರಶ್ನೆಯಲ್ಲಿ ಇದ್ದ ಪದಗಳೇ ಉತ್ತರದಲ್ಲಿಯೂ ಇರುವಾಗ, ಯಾವುದು ಪ್ರಶ್ನೆ, ಯಾವುದು ಉತ್ತರ ಎಂದು ಕಿವಿಯು ಹೇಗೆ ಅರಿಯುವುದು? ಧ್ವನಿಯ ಸ್ಥಾಯಿಯಿಂದ. ಪುರುಷರು ಸಹಜವಾಗಿ ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು ೧೨೦ ಸಲವೂ, ಸ್ತ್ರೀಯರಲ್ಲಿ ಸುಮಾರು ೨೦೦ ಸಲವೂ ಕಂಪಿಸುತ್ತವೆ. ವಾಕ್ಯದ ತುದಿಯಲ್ಲಿ ಈ ಕಂಪನಾಂಕವು ಏರಿದರೆ ಪ್ರಶ್ನೆ, ಇಳಿದರೆ ಉತ್ತರ. ತಂತುಗಳನ್ನು ಬಿಗಿ ಮಾಡಿದರೆ ಸ್ಥಾಯಿ ಏರುವುದು, ವೀಣೆಯ ತಂತಿಯಂತೆಯೇ. ಕನ್ನಡದಲ್ಲಾದರೋ "ಚೆನ್ನಾಗಿದ್ದೀರಿ" ಎಂಬುದನ್ನು "ಚೆನ್ನಾಗಿದ್ದೀರಾ" ಎಂದು ಸ್ವರವನ್ನು ಬದಲಿಸಿ ಪ್ರಶ್ನೆ ಮಾಡುತ್ತೇವೆ. ರಾಗವು ತಪ್ಪಿದರೂ ಅರ್ಥ ಕೆಡದು. ಆದಕಾರಣ ನಮ್ಮ ವಿದ್ಯಾರ್ಥಿಗಳು ಫ್ರೆಂಚಿನ ಪ್ರಶ್ನೆಯನ್ನು ಸಮನಾದ ಸ್ಥಾಯಿಯಲ್ಲಿ ಹೇಳಿಬಿಡುವುದುಂಟು. ಆಗ ಎದುರಿನವನಿಗೆ ಕೇಳಿಸುವುದು ಪ್ರಶ್ನೆಯಲ್ಲ, ಯಾರೂ ಕೇಳದ ಉತ್ತರ.

"ಓ ಲಾ ಲಾ" ಎಂಬ ಉದ್ಗಾರದಲ್ಲಿಯೂ ಸ್ಥಾಯಿಯೇ ಸರ್ವಸ್ವ. ಸಿನಿಮಾಗಳನ್ನು ನೋಡಿದವರು ಅದನ್ನು ಕೇವಲ ಶೃಂಗಾರದ ಮಾತೆಂದು ಭಾವಿಸುವರು. ಫ್ರೆಂಚರು ಹಾಲು ಚೆಲ್ಲಿದರೂ, ರೈಲು ತಪ್ಪಿದರೂ, ನೆರೆಯವರ ಮಗುವಿಗೆ ಜ್ವರ ಬಂದರೂ ಅದನ್ನೇ ಹೇಳುವರು. ನೋವಾದರೆ "ಆಯ್", ಗಂಡಾಂತರ ಕಳೆದರೆ "ಊಫ್", ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ ಭುಜ ಕುಣಿಸಿ "ಬೊಫ್". ನಮ್ಮ ಒಂದು "ಅಯ್ಯೋ" ಇವುಗಳಲ್ಲಿ ಎಷ್ಟರ ಕೆಲಸವನ್ನು ಮಾಡಬಲ್ಲದೆಂಬುದನ್ನು ವಾಚಕರೇ ಯೋಚಿಸಬಹುದು.

ಭಾವಗಳನ್ನು ಹೇಳುವ ವಾಕ್ಯಗಳ ರಚನೆ ಇನ್ನೂ ಸ್ವಾರಸ್ಯವಾದುದು. ಕನ್ನಡದಲ್ಲಿ ಹಸಿವು, ಕೋಪ, ನಾಚಿಕೆಗಳು ನಮಗೆ ಬರುತ್ತವೆ ಇಲ್ಲವೇ ಆಗುತ್ತವೆ. ನಾವು ಚತುರ್ಥೀ ವಿಭಕ್ತಿಯಲ್ಲಿ ನಿಂತು ಅವನ್ನು ಬರಮಾಡಿಕೊಳ್ಳುತ್ತೇವೆ. ಫ್ರೆಂಚರು ಹಸಿವನ್ನು ಹೊಂದಿರುತ್ತಾರೆ: "ಜೇ ಫ್ಯಾಂ", ಎಂದರೆ ನಾನು ಹಸಿವುಳ್ಳವನು. ನಾಚಿಕೆ, ನಿದ್ದೆ, ಸೆಕೆಗಳೂ ಹೀಗೆಯೇ. ಆದರೆ ದುಃಖವನ್ನು ಅವರು ಹೊಂದಿರುವುದಿಲ್ಲ, ದುಃಖಿಯೇ ಆಗಿರುತ್ತಾರೆ: "ಜ ಸ್ವಿ ತ್ರಿಸ್ತ್". ಈ ಎರಡು ರಚನೆಗಳನ್ನು ಅದಲುಬದಲು ಮಾಡಿದರೆ ಅಪಾಯ. ಸೆಕೆಯಾದಾಗ "ಜೇ ಶೋ" ಎನ್ನಬೇಕು. "ಜ ಸ್ವಿ ಶೋ" ಎಂದರೆ ಮರ್ಯಾದಸ್ಥರು ಆಡದ ಅರ್ಥವೂ ಬಂದೀತು. ಹೊಟ್ಟೆ ತುಂಬಿತೆಂದು ಹೇಳಹೋಗಿ "ಜ ಸ್ವಿ ಪ್ಲ್ಯಾಂ" ಎಂದರೆ ಕುಡಿದು ಮತ್ತನಾಗಿದ್ದೇನೆಂದು ತಿಳಿದಾರು!

ಅಗಲಿಕೆಯ ವಿಷಯದಲ್ಲಿ ಮಾತ್ರ ಫ್ರೆಂಚ್ ಭಾಷೆಯು ನಮ್ಮ ಬಳಿಗೆ ಬರುತ್ತದೆ. "ತ್ಯು ಮ ಮಾಂಕ್" ಎಂದರೆ "ನೀನು ನನಗೆ ಕೊರತೆಯಾಗಿದ್ದೀಯೆ" ಎಂದು. ಇಲ್ಲಿ ಕರ್ತೃಸ್ಥಾನದಲ್ಲಿರುವವರು ದೂರವಿರುವವರು, ಹಂಬಲಿಸುವವನು ಚತುರ್ಥಿಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ಆದ್ದರಿಂದ ಇಂಗ್ಲಿಷಿನಲ್ಲಿ ಯೋಚಿಸಿ ಫ್ರೆಂಚಿನಲ್ಲಿ ಬರೆಯುವವನು, "ನನಗೆ ನಿನ್ನ ಹಂಬಲ" ಎನ್ನುವ ಬದಲು "ನಿನಗೆ ನನ್ನ ಹಂಬಲ" ಎಂದು ಬರೆದುಬಿಡುವನು. ಕನ್ನಡದಲ್ಲಿ ಯೋಚಿಸುವವನಿಗೆ ಈ ತೊಡಕಿಲ್ಲ. ಕನ್ನಡದ ಹುಡುಗರು ಫ್ರೆಂಚನ್ನು ಇಂಗ್ಲಿಷಿನ ಮೂಲಕವೇ ಕಲಿಯಬೇಕೆಂಬ ಈಗಿನ ಕ್ರಮವು ನನಗೆ ಅಷ್ಟಾಗಿ ಒಪ್ಪಿಗೆಯಾಗದಿರುವುದಕ್ಕೆ ಇದೂ ಒಂದು ಕಾರಣ.

ಪ್ರೀತಿಯ ಮಾತಿನಲ್ಲಿ ಒಂದು ಸೋಜಿಗವಿದೆ. "ಜ ತೆಮ್" ಎಂದರೆ ನಿನ್ನನ್ನು ಪ್ರೀತಿಸುತ್ತೇನೆ. ಇದಕ್ಕೆ "ಚೆನ್ನಾಗಿ" ಎಂಬರ್ಥದ "ಬಿಯಾಂ" ಪದವನ್ನು ಸೇರಿಸಿದರೆ ಪ್ರೀತಿಯು ಹೆಚ್ಚಬೇಕಷ್ಟೆ? ಇಲ್ಲ, ಕುಗ್ಗುವುದು. "ಜ ತೆಮ್ ಬಿಯಾಂ" ಎಂದರೆ ನಿನ್ನ ಮೇಲೆ ನನಗೆ ವಿಶ್ವಾಸವಿದೆ ಎಂಬಷ್ಟೇ ಅರ್ಥ. ಎರಡು ಅಲೆಗಳು ಕೂಡಿದಾಗ ಒಮ್ಮೊಮ್ಮೆ ದೊಡ್ಡ ಅಲೆಯಾಗುವ ಬದಲು ನೀರು ಸ್ತಬ್ಧವಾಗುವಂತೆ ಇದು. ಈ ಭೇದವನ್ನರಿಯದೆ ಮನಸ್ಸು ಮುರಿದುಕೊಂಡವರು ಇಲ್ಲದಿರಲಾರರು. ಇದಕ್ಕೆ ಪ್ರತಿಯಾಗಿ, ನಿಷೇಧದಿಂದ ಹೊಗಳುವ ಕ್ರಮವೂ ಅವರಲ್ಲಿ ಉಂಟು. ಬಹಳ ಮೆಚ್ಚಿದ್ದನ್ನು "ಪಾ ಮಾಲ್", ಕೆಟ್ಟದ್ದಲ್ಲ, ಎನ್ನುವರು; ನಮ್ಮ "ಪರವಾಗಿಲ್ಲ"ದ ಹಾಗೆ. ೧೬೩೭ರಲ್ಲಿ ಆಡಿದ ಕಾರ್ನೇಯ್ ಕವಿಯ "ಲ ಸಿದ್" ನಾಟಕದಲ್ಲಿ, ತನ್ನ ತಂದೆಯನ್ನು ಕೊಂದ ಪ್ರಿಯನಿಗೆ ನಾಯಿಕೆಯು ತನ್ನ ಪ್ರೇಮವನ್ನು ತಿಳಿಸುವುದು ಇಂಥ ನಿಷೇಧದ ಮಾತಿನಿಂದಲೇ.

ಹವೆಯ ಮಾತಿಗೆ ಬರೋಣ. ಲೋಕಾಭಿರಾಮಕ್ಕೆ ಇದಕ್ಕಿಂತ ನಿರಪಾಯವಾದ ವಿಷಯವಿಲ್ಲ. "ಇಲ್ ಫೆ ಬೋ" ಎಂದರೆ ಹವೆ ಚೆನ್ನಾಗಿದೆ. "ಇಲ್ ಫೆ ಶೋ" ಎಂದರೆ ಸೆಕೆಯಾಗಿದೆ. ಇಲ್ ಎಂಬುದು ಹೆಸರಿಗೆ ಮಾತ್ರ ಕರ್ತೃ. ಸೆಕೆಯು ಮಿತಿಮೀರಿದರೆ ಅದನ್ನು "ಕಾನಿಕ್ಯುಲ್" ಎನ್ನುವರು. ಇದು ಖಗೋಳವಿಜ್ಞಾನದಿಂದ ಬಂದ ಪದ. ಲ್ಯಾಟಿನ್ನಿನಲ್ಲಿ ಇದರರ್ಥ ನಾಯಿಮರಿ, ಎಂದರೆ ನಮ್ಮ ಲುಬ್ಧಕ ನಕ್ಷತ್ರ. ಕಡು ಬೇಸಗೆಯಲ್ಲಿ ಲುಬ್ಧಕವು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತಿದ್ದುದರಿಂದ, ಬಿಸಿಲಿನ ತಾಪಕ್ಕೆ ಅದೂ ಕಾರಣವೆಂದು ಪ್ರಾಚೀನ ರೋಮನರು ನಂಬಿದ್ದರು. ೮.೬ ಜ್ಯೋತಿರ್ವರ್ಷಗಳಾಚೆಯ ಆ ನಕ್ಷತ್ರದಿಂದ ನಮಗೆ ಬರುವ ಶಾಖವು ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದು ನಾವು ಬಲ್ಲೆವು. ಪದ ಮಾತ್ರ ಉಳಿದಿದೆ.

೨೦೦೩ರ ಆಗಸ್ಟಿನಲ್ಲಿ ಈ ಪದವು ಲೋಕಾಭಿರಾಮದ್ದಾಗಿ ಉಳಿಯಲಿಲ್ಲ. ಆ ತಿಂಗಳ ಬೇಗೆಯಿಂದ ಫ್ರಾನ್ಸಿನಲ್ಲಿ ಸುಮಾರು ೧೫,೦೦೦ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ೭೫ ವರ್ಷ ದಾಟಿದ ವೃದ್ಧರು. ಹಲವರು ಒಂಟಿಯಾಗಿ ವಾಸಿಸುತ್ತಿದ್ದವರು. ರಜೆಯ ತಿಂಗಳಾದ್ದರಿಂದ ಮಕ್ಕಳೂ ನೆರೆಯವರೂ ಊರಲ್ಲಿರಲಿಲ್ಲ. ಮುದಿಪ್ರಾಯದ ದೇಹಕ್ಕೆ ಬಾಯಾರಿಕೆಯ ಅರಿವು ಮಂದವಾಗುವುದು. ಬೆವರುವ ಶಕ್ತಿಯೂ ಕುಗ್ಗುವುದು. ತಾನು ಅಪಾಯದಲ್ಲಿರುವುದು ತನಗೇ ತಿಳಿಯದವರನ್ನು ಬೇರೆ ಯಾರಾದರೂ ಬಂದು ವಿಚಾರಿಸಬೇಕು. ವಿಚಾರಿಸುವವರಿರಲಿಲ್ಲ. ಪ್ಯಾರಿಸಿನಲ್ಲಿ ವಾರಸುದಾರರು ಬಾರದೆ ಉಳಿದ ಐವತ್ತಕ್ಕೂ ಹೆಚ್ಚು ಶವಗಳನ್ನು ಸೆಪ್ಟೆಂಬರಿನಲ್ಲಿ ತಿಯೆ ಎಂಬಲ್ಲಿನ ಸ್ಮಶಾನದಲ್ಲಿ ಹೂಳಿದರು. ರಾಷ್ಟ್ರಾಧ್ಯಕ್ಷ ಶಿರಾಕರೂ ಅಲ್ಲಿದ್ದರು.

ಮರುವರ್ಷ, ೨೦೦೪ರ ಜೂನಿನಲ್ಲಿ, ಒಂದು ಶಾಸನವಾಯಿತು. ಅದರಂತೆ ಪ್ರತಿಯೊಂದು ಪುರಸಭೆಯೂ ಒಂಟಿಯಾಗಿರುವ ವೃದ್ಧರ ಮತ್ತು ಅಂಗವಿಕಲರ ಪೈಕಿ ಒಪ್ಪಿದವರ ಹೆಸರುಗಳನ್ನು ಒಂದು ದಾಖಲೆ ಪುಸ್ತಕದಲ್ಲಿ ಇಡತಕ್ಕದ್ದು. ೨೦೧೯ರ ಜುಲೈ ೨೫ರಂದು ಪ್ಯಾರಿಸಿನಲ್ಲಿ ಉಷ್ಣತೆಯು ೪೨.೬ ಡಿಗ್ರಿ ಸೆಲ್ಸಿಯಸ್‌ಗೆ, ಎಂದರೆ ೨೦೦೩ರಲ್ಲಿ ಕಂಡದ್ದಕ್ಕಿಂತಲೂ ಮೇಲಕ್ಕೆ, ಏರಿತು. ಈಗ ಇಂಥ ಬೇಗೆಯ ಎಚ್ಚರಿಕೆ ಹೊರಟೊಡನೆ ಪುರಸಭೆಯವರು ಆ ಪುಸ್ತಕದಲ್ಲಿರುವವರಿಗೆ ದೂರವಾಣಿ ಮಾಡುವರು. ಕ್ಷೇಮವನ್ನು ಕೇಳುವರು. "ಸಾ ವಾ" ಎಂಬ ವಾಡಿಕೆಯ ಉತ್ತರಕ್ಕೆ ಅಲ್ಲಿಗೇ ನಿಲ್ಲಿಸುವಂತಿಲ್ಲ. ನೀರು ಕುಡಿದಿರಾ, ಕಿಟಕಿಗಳನ್ನು ಮುಚ್ಚಿದ್ದೀರಾ ಎಂದು ಮುಂದೆ ವಿಚಾರಿಸುವರು. ಯಾರೂ ಕರೆಗೆ ಓಗೊಡದೆ ಹೋದರೆ ಮನೆಯ ಬಾಗಿಲಿಗೆ ಜನರನ್ನು ಕಳುಹಿಸುವುದೂ ಉಂಟು.