ವಿಮಾನದ ಬಾಲವೂ ನಮ್ಮ ಮನೆಯ ಜೋಕಾಲಿಯೂ

ಸೋದರಿಯರೇ, ಮನೆಯ ಹಿತ್ತಲಿನಲ್ಲೇ ವಿಮಾನ ಜೋಡಿಸುವವರು ಇದ್ದಾರೆ ಎಂದರೆ ನೀವು ನಂಬುವಿರಾ? ನಾನಂತೂ ನಂಬಿರಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ನಮಗೆ ವಿಮಾನವೆಂದರೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ತಲೆಯೆತ್ತಿ ನೋಡುವ ವಸ್ತು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣದ ಉದ್ಘಾಟನೆಯಾದ ಮೇಲೆ ಅದು ಕೊಂಚ ಹತ್ತಿರ ಬಂತು, ಅಷ್ಟೇ.

ಹೋದ ದೀಪಾವಳಿಗೆ ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದ. ಅವನಿಗೆ ಈ ಹುಚ್ಚು ಬಹಳ. "ಅತ್ತಿ, ಪೆಟ್ಟಿಗ್ಯಾಗ ಬಿಡಿಭಾಗ ಬರತಾವ. ಮಂದಿ ತಾವೇ ಕೂಡಿಸಿ ಹಾರಸ್ತಾರ" ಅಂದ. ದೂರದ ಮಾತೇನೂ ಅಲ್ಲ. ನಮ್ಮ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ 'ಎಕ್ಸ್-ಏರ್' ಎಂಬ ಇಬ್ಬರು ಕೂರುವ ಪುಟ್ಟ ವಿಮಾನದ ಕಿಟ್‌ಗಳನ್ನು ತಯಾರಿಸಿ ಹೊರದೇಶಗಳಿಗೂ ಕಳಿಸಿದೆ. ಅದರ ಒಂದು ಮಾದರಿಯ ಹೆಸರು ಹನುಮಾನ್! ಬಾಲದ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಕ್ಕೀತು?

ಬಾಲ ಯಾತಕ್ಕೆ ಬೇಕು ಎನ್ನುವಿರಾ? ಗಾಳಿಪಟಕ್ಕೆ ಬಾಲಂಗೋಚಿ ಕಟ್ಟದೆ ಹಾರಿಸಿ ನೋಡಿ. ಗಿರಗಿರನೆ ತಿರುಗಿ ನೆಲಕ್ಕೆ ಬೀಳುತ್ತದೆ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆ, ಹದದಲ್ಲಿಡುವುದು ಬಾಲ. ಅದರಲ್ಲಿ ಅಡ್ಡ ಹಲಗೆ ಒಂದು, ನಿಂತ ಹಲಗೆ ಒಂದು. ಎರಡರ ಹಿಂದೆಯೂ ಬಾಗಿಲಿನ ಹಾಗೆ ಕೀಲಿನ ಮೇಲೆ ಆಡುವ ತುಂಡುಗಳು. ಅಡ್ಡದ್ದು ಮೂತಿಯನ್ನು ಏರಿಸಿ ಇಳಿಸುತ್ತದೆ, ನಿಂತದ್ದು ದೋಣಿಯ ಚುಕ್ಕಾಣಿಯಂತೆ ಎಡಬಲಕ್ಕೆ ತಿರುಗಿಸುತ್ತದೆ.

ಎಕ್ಸ್-ಏರ್‌ನಂಥ ವಿಮಾನದಲ್ಲಿ ಈ ಬಾಲ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು. ಅದರ ಮೇಲೆ ಡೇಕ್ರಾನ್ ಎಂಬ ಗಟ್ಟಿ ಪಾಲಿಯೆಸ್ಟರ್ ಬಟ್ಟೆಯ ಹೊದಿಕೆ. ದಿಂಬಿಗೆ ಗವಸು ಹಾಕಿದಂತೆಯೇ, ಆದರೆ ಒಂದು ಸುಕ್ಕೂ ಇರಬಾರದು. ಬಿಸಿಲಿಗೆ ಈ ಬಟ್ಟೆ ಸತ್ವ ಕಳೆದುಕೊಳ್ಳುವುದರಿಂದ ವಿಮಾನವನ್ನು ನೆರಳಲ್ಲೇ ನಿಲ್ಲಿಸಬೇಕು. ನಮ್ಮ ಕಡೆಯ ಬಿಸಿಲಂತೂ ನಿಮಗೆ ಗೊತ್ತೇ ಇದೆ!

ಬಟ್ಟೆಯ ಬದಲು ಅಲ್ಯೂಮಿನಿಯಂ ತಗಡಿನ ಕಿಟ್‌ಗಳೂ ಇವೆ. ಅಮೆರಿಕದ ವ್ಯಾನ್ಸ್ ಕಂಪನಿಯ ಕಿಟ್‌ಗಳನ್ನು ಕೊಳ್ಳುವವರು ಸಾಮಾನ್ಯವಾಗಿ ಬಾಲದಿಂದಲೇ ಶುರು ಮಾಡುತ್ತಾರೆ. ಚಿಕ್ಕ ಭಾಗ, ಕೈ ಪಳಗುತ್ತದೆ, ಕೆಟ್ಟರೂ ನಷ್ಟ ಕಡಿಮೆ. ನಾವು ಮೊದಲು ಲಂಗ ಹೊಲಿದು ಆಮೇಲೆ ರವಿಕೆಗೆ ಕೈ ಹಾಕುವುದಿಲ್ಲವೇ? ರಿವೆಟ್ ಹೊಡೆಯುವ ಮೊದಲು ತಗಡುಗಳನ್ನು ಕ್ಲೀಕೊ ಎಂಬ ತಾತ್ಕಾಲಿಕ ಪಿನ್ನುಗಳಿಂದ ಹಿಡಿಸುತ್ತಾರೆ. ಅದು ನಮ್ಮ ಕಚ್ಚಾ ಹೊಲಿಗೆಯೇ. ತೂತಿನ ಅಂಚು ನುಣುಪಾಗಿರಬೇಕು, ಒರಟು ಉಳಿದರೆ ಮುಂದೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಬಾಲ ಸೊಟ್ಟಗೆ ಕೂತಿದೆಯೋ ಎಂದು ನೋಡಲು ಎರಡೂ ರೆಕ್ಕೆಗಳಿಂದ ಬಾಲದವರೆಗೆ ಅಳೆಯುತ್ತಾರೆ, ಎರಡು ಅಳತೆಯೂ ಸಮ ಬರಬೇಕು. ಶಹಾಬಾದ ಕಲ್ಲು ಹಾಸುವ ಮೇಸ್ತ್ರಿ ಮೂಲೆಯಿಂದ ಮೂಲೆಗೆ ದಾರ ಹಿಡಿಯುತ್ತಾನಲ್ಲ, ಹಾಗೆ.

ಇನ್ನು ನಟ್ಟು-ಬೋಲ್ಟಿನ ಮಾತು. ಇಲ್ಲಿಯೇ ನನ್ನ ಎದೆ ಝಲ್ಲೆಂದಿತು.

ನಮ್ಮ ಮಗಳು ನಾಲ್ಕು ವರ್ಷದವಳಿದ್ದಾಗ ಪಡಸಾಲೆಯಲ್ಲಿ ಜೋಕಾಲಿ ಹಾಕಿಸಿದ್ದೆವು. ತೂಗಿ ತೂಗಿ ಮೇಲಿನ ನಟ್ಟು ದಿನಕ್ಕಿಷ್ಟು ಸಡಿಲಾಗುತ್ತಿತ್ತು. ಕಿರ್ ಎಂಬ ಸದ್ದು ನನ್ನ ಕಿವಿಗೆ ಬಿದ್ದಿತ್ತು. 'ನಾಳೆ ನೋಡಿದರಾಯ್ತು' ಎಂದು ಸುಮ್ಮನಿದ್ದೆ. ಒಂದು ಸಂಜೆ ಕೂಸು ಜೋಕಾಲಿ ಸಮೇತ ಕೆಳಗೆ ಬಿತ್ತು. ಗದ್ದಕ್ಕೆ ಮೂರು ಹೊಲಿಗೆ. ಆ ಗುರುತು ಇಂದಿಗೂ ಇದೆ, ನೋಡಿದಾಗಲೆಲ್ಲ ನನಗೆ ಚುರುಕ್ಕೆನ್ನುತ್ತದೆ.

ಜೋಕಾಲಿಯ ಅಲುಗಾಟಕ್ಕೇ ಹೀಗಾದರೆ ಎಂಜಿನ್ನಿನ ಕಂಪನಕ್ಕೆ ಏನಾದೀತು? ಅದಕ್ಕೇ ವಿಮಾನದಲ್ಲಿ ಬರೀ ನಟ್ಟು ಬಿಗಿದು ಬಿಡುವುದಿಲ್ಲ. ಒಳಗೆ ನೈಲಾನ್ ಬಳೆಯಿರುವ ನಟ್ಟು ಹಾಕುತ್ತಾರೆ. ತಿರುಗುವ ಕೀಲಿದ್ದಲ್ಲಿ ನಟ್ಟು ಬಿಚ್ಚದಂತೆ ಬೋಲ್ಟಿನ ತೂತಿನಲ್ಲಿ ಸ್ಪ್ಲಿಟ್ ಪಿನ್ ತೂರಿಸಿ ಕಾಲು ಮಡಿಸುತ್ತಾರೆ. ಬಾಲದಲ್ಲಿ ಆ ಪುಟ್ಟ ಪಿನ್ನು ಮರೆತರೆ ಪ್ರಾಣಕ್ಕೇ ಸಂಚಕಾರ.

ಇನ್ನೊಂದು ಪರೀಕ್ಷೆಯೂ ಇದೆ. ಹಿಡಿಕೆಯನ್ನು ಹಿಂದಕ್ಕೆಳೆದಾಗ ಬಾಲದ ಅಡ್ಡ ತುಂಡಿನ ಹಿಂದಂಚು ಮೇಲೇಳಬೇಕು, ಬಲ ಪೆಡಲ್ ಒತ್ತಿದರೆ ಚುಕ್ಕಾಣಿ ಬಲಕ್ಕೆ ಹೊರಳಬೇಕು. ತಂತಿ ಅದಲುಬದಲಾಗಿ ಜೋಡಿಸಿ ಅಪಘಾತಗಳಾಗಿವೆ. ಆದ್ದರಿಂದ ಜೋಡಿಸಿದವನೊಬ್ಬನೇ ನೋಡಿದರೆ ಸಾಲದು, ಬೇರೊಬ್ಬರೂ ನೋಡಬೇಕು. ನಮ್ಮ ದೇಶದಲ್ಲಿ ಡಿಜಿಸಿಎ ಅನುಮತಿಯಿಲ್ಲದೆ ಇಂಥ ವಿಮಾನ ಹಾರಿಸುವಂತೆಯೂ ಇಲ್ಲ.

ಇದೆಲ್ಲ ಗಂಡಸರ ಕೆಲಸ ಎಂದುಕೊಂಡಿರಾ? 1914-18ರ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ವಿಮಾನದ ರೆಕ್ಕೆಗೆ ಬಟ್ಟೆ ಹೊಲಿದವರು ಹೆಂಗಸರೇ. ಮಾತು ಕೇಳುತ್ತ ಕುಳಿತಿದ್ದ ಮಗಳು, ಈಗ ಪಿಯುಸಿ ವಿಜ್ಞಾನ ಓದುವವಳು, "ಅವ್ವಾ, ಇದನ್ನ ನಾ ಕಲೀಬಹುದೇನು?" ಅಂದಳು. ಭೌತ, ರಸಾಯನ, ಗಣಿತ ಓದಿದವರಿಗೆ ವಿಮಾನ ದುರಸ್ತಿಯ ಎಂಜಿನಿಯರ್ ತರಬೇತಿ ಇದೆ, ಹುಡುಗಿಯರೂ ಸೇರಬಹುದು ಎಂದ ಅಣ್ಣನ ಮಗ. ಹತ್ತನೆಯತ್ತಕ್ಕೇ ಓದು ನಿಲ್ಲಿಸಿದ ನಾನು ಬೇಡವೆನ್ನಲಿಲ್ಲ. ಅವರಪ್ಪನನ್ನು ಒಪ್ಪಿಸುವುದು ಇನ್ನೂ ಬಾಕಿ ಇದೆ!

ಸೋದರಿಯರೇ, ವಿಮಾನ ಹಾಗಿರಲಿ. ಇವತ್ತೇ ನಿಮ್ಮ ಮನೆಯ ತೊಟ್ಟಿಲು, ಜೋಕಾಲಿ, ಫ್ಯಾನುಗಳ ಕೊಂಡಿ-ನಟ್ಟುಗಳನ್ನು ಒಮ್ಮೆ ನೋಡಿಬಿಡಿ. ನೀವು ನೋಡಿದ ಮೇಲೆ ಮನೆಯವರಿಗೂ ಒಮ್ಮೆ ತೋರಿಸಿ. ಕಿರ್ ಎಂದರೆ ನಾಳೆಗೆ ಇಡಬೇಡಿ.