ವೇಷ ಕಂಡು ಮನುಷ್ಯನನ್ನು ಅಳೆಯುವುದು

ಹಾಸ್ಯಗಾರ ಮನೆತನದಿಂದ ಯಕ್ಷಗಾನ ಲೋಕದಲ್ಲಿ ಪ್ರಖ್ಯಾತವಾದ ಈ ಕರ್ಕಿಯಲ್ಲಿ, ಚಂಡೆಯ ಆರ್ಭಟದೊಡನೆ ಬಣ್ಣದ ವೇಷವೊಂದು ರಂಗಸ್ಥಳಕ್ಕೆ ನುಗ್ಗಿತೆಂದರೆ, ಅದು ಬಾಯಿ ತೆರೆಯುವ ಮೊದಲೇ ಪ್ರೇಕ್ಷಕನು ಇವನು ರಕ್ಕಸನೆಂದು ನಿರ್ಣಯಿಸಿಬಿಡುತ್ತಾನೆ; ಅಲ್ಲಿ ಅದು ರಸಿಕತೆ. ಆದರೆ ಬೆಳಗಾಗಿ ಆಟ ಮುಗಿದ ಮೇಲೂ, ನೆರೆಯವನ ಹೆಸರು, ಕೇರಿ, ಕೊರಳ ಶಿಲುಬೆ, ತಲೆಯ ಟೋಪಿ ಇವುಗಳನ್ನು ಕಂಡೊಡನೆ ಅವನ ಅಂತರಂಗವನ್ನೇ ಬಲ್ಲೆವೆಂದು ಭಾವಿಸುವ ಚಟ ನಮ್ಮನ್ನು ಬಿಡದು.

ಕ್ರೈಸ್ತಶಾಸ್ತ್ರವು ಈ ಪೂರ್ವಗ್ರಹವನ್ನು ದುರ್ಜನರ ಸ್ವತ್ತೆಂದು ಎಣಿಸುವುದಿಲ್ಲ. ಯೋಹಾನನ ಸುವಾರ್ತೆಯಲ್ಲಿ, ನಜರೇತೆಂಬ ಸಣ್ಣ ಊರಿನ ಹೆಸರು ಕೇಳಿದೊಡನೆ ಮೂಗು ಮುರಿದ ನತಾನಯೇಲನನ್ನು ಯೇಸುಸ್ವಾಮಿ ಗದರುವುದಿಲ್ಲ, ನಿಷ್ಕಪಟಿಯೆಂದೇ ಕೊಂಡಾಡುತ್ತಾನೆ. ಅವನನ್ನು ಕರೆತಂದ ಫಿಲಿಪ್ಪನಾದರೂ ವಾದಕ್ಕಿಳಿದವನಲ್ಲ, ಕಣ್ಣಾರೆ ಕಾಣಲು ಕರೆದನಷ್ಟೆ. ನನಗೆ ಈ ಫಿಲಿಪ್ಪನೇ ಹೆಚ್ಚು ಪ್ರಿಯ. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಚಂದಾವರದ ಇಗರ್ಜಿಯತ್ತ ಹಿಂದೂ ಭಕ್ತರೂ ನಡೆಯುವುದು ಯಾರ ವಾದಕ್ಕೆ ಸೋತು?

ಪೇತ್ರನ ಕಥೆ ಇನ್ನೂ ಕಠಿನ. ಯೊಪ್ಪದ ಮಾಳಿಗೆಯ ಮೇಲೆ ದರ್ಶನವಾಗಿ, ಯಾವ ಮನುಷ್ಯನನ್ನೂ ಅಶುದ್ಧನೆನ್ನಲಾಗದೆಂದು ಅರಿತು, ರೋಮನ್ ಶತಾಧಿಪತಿ ಕೊರ್ನೇಲ್ಯನ ಹೊಸ್ತಿಲನ್ನು ದಾಟಿದ ಆ ಅಪೊಸ್ತಲನೇ, ಮುಂದೆ ಅಂತಿಯೋಕ್ಯದಲ್ಲಿ ಸ್ವಜನರು ಬಂದರೆಂಬ ಅಂಜಿಕೆಯಿಂದ ಅನ್ಯಜನರ ಪಂಕ್ತಿಯನ್ನು ಬಿಟ್ಟು ಮೆಲ್ಲನೆ ಸರಿದನು. ಕೊನೆಗೆ ಪೌಲನು ಎಲ್ಲರೆದುರಿಗೇ ಅವನನ್ನು ನಿಲ್ಲಿಸಿ ಕೇಳಬೇಕಾಯಿತು.