ತೆಳುಹಲಗೆ ಅಂಟಿಸಿದ ಮೇಲೆ ಕಲೆ ಬಿದ್ದರೆ

ಬೇತಮಂಗಲದ ಬಡಗಿ ಬಾಂಧವರೇ,

ಹೊನ್ನೆ, ಜಾಲಿ, ಮಾವುಗಳ ತೆಳುಹಲಗೆ ಜೋಡಿಸಿ ಮಾಡಿದ ಮದುವೆ ಪೆಟ್ಟಿಗೆಗೆ ಬೆಳಗಾಗುವಷ್ಟರಲ್ಲಿ ಕಲೆ ಬಿದ್ದರೆ ಕೂಲಿಯೂ ಹೋಯಿತು, ಹೆಸರೂ ಹೋಯಿತು. ಮೊದಲು ಕಲೆಯ ಬಣ್ಣ ನೋಡಿರಿ.

ನೀಲಿಗಪ್ಪಾಗಿದ್ದರೆ ಅದು ಕಬ್ಬಿಣದ ಕಾಟ. ಜಾಲಿಯ ಒಗರು ಒದ್ದೆಯಲ್ಲಿ ಕಬ್ಬಿಣಕ್ಕೆ ತಗುಲಿ ಮಸಿಯಾಗುತ್ತದೆ. ಅಂಟನ್ನು ಕಬ್ಬಿಣದ ಡಬ್ಬಿಯಲ್ಲಿ ಕಲಸಬೇಡಿರಿ. ಕ್ಲಾಂಪಿನ ಕೆಳಗೆ ಕಾಗದವಿಡಿರಿ. ಬಿದ್ದ ಕಲೆಗೆ ಆಕ್ಸಾಲಿಕ್ ಆಮ್ಲದ ನೀರನ್ನು ಸವರಿ, ಕಲೆ ಬಿಟ್ಟಮೇಲೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿರಿ. ಆಮ್ಲ ವಿಷ, ಮಕ್ಕಳ ಕೈಗೆ ಸಿಗದಿರಲಿ.

ಹಳದಿಯಾಗಿದ್ದರೆ ಅದು ಹೊನ್ನೆಯ ಸ್ವಂತ ಬಣ್ಣ. ಅಂಟಿನ ನೀರಿನಲ್ಲಿ ಕರಗಿ ಪಕ್ಕದ ಮಾವಿಗೆ ಹರಿದಿರುತ್ತದೆ. ಇದಕ್ಕೆ ಮದ್ದಿಗಿಂತ ಎಚ್ಚರ ಮೇಲು: ಹಲಗೆ ಚೆನ್ನಾಗಿ ಒಣಗಿರಲಿ, ಅಂಟಿಗೆ ನೀರು ಬೆರೆಸದೆ ತೆಳ್ಳಗೆ ಬಳಿಯಿರಿ.

ಯಾವ ಜೋಡಿಯನ್ನಾದರೂ ಮೊದಲು ಚೂರುಗಳ ಮೇಲೆ ಪರೀಕ್ಷಿಸಿರಿ.

— ನಿಮ್ಮ ಗ್ರಾಮಸೇವಕ